ಗಾಮಾ ಪಾಸ್ ಆದರೂ ನಾನು ಸಹಿ ಹಾಕದ ಪ್ಲಾನ್

ರೇಡಿಯೋಥೆರಪಿಯಲ್ಲಿ ಯಾವ ಗಡ್ಡೆಗೆ ಎಷ್ಟು ಡೋಸ್ ಅಂತ ಬರೆಯುವುದು ಡಾಕ್ಟರ್. ಬರೆದಷ್ಟೇ ಡೋಸ್ ಗಡ್ಡೆಗೆ ತಲುಪುತ್ತದಾ, ಪಕ್ಕದ ಅಂಗಗಳ ಮೇಲೆ ಎಷ್ಟು ಬೀಳುತ್ತದೆ ಅಂತ ಅಳೆದು ನೋಡುವುದು ನಮ್ಮಂಥ ಮೆಡಿಕಲ್ ಫಿಸಿಸಿಸ್ಟ್‌ಗಳ ಕೆಲಸ. ರೋಗಿ ಟೇಬಲ್ ಮೇಲೆ ಮಲಗುವ ಮುಂಚೆಯೇ ಇದು ಮುಗಿದಿರಬೇಕು. ಒಮ್ಮೆ ಕೊಟ್ಟ ಡೋಸನ್ನು ವಾಪಸ್ ತೆಗೆಯೋಕೆ ಆಗಲ್ಲ.

ಬೆಳಿಗ್ಗೆ ಮೊದಲು ಲಿನ್ಯಾಕ್‌ನ, ಅಂದರೆ ವಿಕಿರಣ ಕೊಡುವ ಯಂತ್ರದ, ಔಟ್‌ಪುಟ್ ನೋಡುತ್ತೇವೆ. ನಿನ್ನೆ ಕೊಟ್ಟಷ್ಟೇ ಇವತ್ತೂ ಕೊಡುತ್ತಿದೆಯಾ ಅಂತ. ದಿನದ ಚೆಕ್‌ನಲ್ಲಿ ಶೇ 3ಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಕಾರಣ ಗೊತ್ತಾಗುವವರೆಗೆ ಯಾರನ್ನೂ ಒಳಗೆ ಕರೆಯುವುದಿಲ್ಲ. ತಿಂಗಳ ಚೆಕ್‌ನಲ್ಲಿ ಮಿತಿ ಶೇ 2. ಇನ್ನೂ ಖಚಿತವಾದ ಅಳತೆಗೆ ನೀರಿನ ತೊಟ್ಟಿಯಲ್ಲಿ 10 ಸೆಂಟಿಮೀಟರ್ ಆಳಕ್ಕೆ ವಿಕಿರಣ ಅಳೆಯುವ ಚೇಂಬರ್ ಇಳಿಸುತ್ತೇವೆ.

ಈ ಚೇಂಬರ್ ಬಗ್ಗೆ ಸ್ವಲ್ಪ ಹೇಳಲೇಬೇಕು. ಅದರೊಳಗೆ ಇರುವುದು ಬರೀ ಗಾಳಿ. ವಿಕಿರಣ ಬಿದ್ದಾಗ ಆ ಗಾಳಿಯಲ್ಲಿ ಹುಟ್ಟುವ ಚಾರ್ಜನ್ನು ಎಲೆಕ್ಟ್ರೋಮೀಟರ್ ಓದುತ್ತದೆ. ಗಾಳಿ ತೆಳುವಾದರೆ ಓದುವಿಕೆಯೂ ಕಡಿಮೆಯಾಗುತ್ತದೆ. ಅದಕ್ಕೇ ತಾಪಮಾನ ಮತ್ತು ಒತ್ತಡದ ತಿದ್ದುಪಡಿ ಹಾಕಬೇಕು. ಸಮುದ್ರಮಟ್ಟಕ್ಕಿಂತ 900 ಮೀಟರ್ ಎತ್ತರದಲ್ಲಿ ಒತ್ತಡ ಸುಮಾರು ಶೇ 10 ಕಡಿಮೆ ಇರುತ್ತದೆ. ಹೊಸದಾಗಿ ಸೇರಿದವರಿಗೆ ನಾನು ಮೊದಲು ಹೇಳುವ ಮಾತು ಇದು: ಒತ್ತಡವನ್ನು ಹವಾಮಾನದ ಆ್ಯಪ್ ನೋಡಿ ಬರೆಯಬೇಡಿ. ಅಲ್ಲಿ ಕಾಣುವುದು ಸಾಮಾನ್ಯವಾಗಿ ಸಮುದ್ರಮಟ್ಟಕ್ಕೆ ಬದಲಾಯಿಸಿದ ಸಂಖ್ಯೆ. ಅದನ್ನು ಹಾಕಿದರೆ ಯಂತ್ರ ಶೇ 10 ಕಡಿಮೆ ಕೊಡುತ್ತಿದೆ ಅನಿಸುತ್ತದೆ. ಅದನ್ನು ನಂಬಿ ಔಟ್‌ಪುಟ್ ಏರಿಸಿದರೆ ಬರುವ ರೋಗಿಗಳೆಲ್ಲರಿಗೂ ಜಾಸ್ತಿ ಡೋಸ್ ಹೋಗುತ್ತದೆ. ಕೋಣೆಯಲ್ಲೇ ಬ್ಯಾರೋಮೀಟರ್ ಇಟ್ಟು ಓದಬೇಕು.

ಈ ಹಂತದಲ್ಲಿ ಆಗುವ ತಪ್ಪು ಒಬ್ಬರಿಗೇ ನಿಲ್ಲುವುದಿಲ್ಲ. 1988ರಲ್ಲಿ ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ ಕೋಬಾಲ್ಟ್ ಯಂತ್ರದ ಹೊಸ ಸೋರ್ಸ್‌ನ (ವಿಕಿರಣ ಸೂಸುವ ಮೂಲದ) ಕ್ಯಾಲಿಬ್ರೇಶನ್, ಅಂದರೆ ಔಟ್‌ಪುಟ್‌ನ ಅಳತೆ, ತಪ್ಪಿತ್ತು. 207 ರೋಗಿಗಳಿಗೆ ಸುಮಾರು ಶೇ 25 ಜಾಸ್ತಿ ಡೋಸ್ ಹೋಯಿತು. ಹಾಗಾಗಿ ನಾನು ಮಾಡಿದ ಲೆಕ್ಕವನ್ನು ಇನ್ನೊಬ್ಬರು ಮೊದಲಿಂದ ಮತ್ತೆ ಮಾಡುತ್ತಾರೆ. ನನ್ನ ಹಾಳೆ ನೋಡಿ ಟಿಕ್ ಹಾಕಿದರೆ ಅದು ಚೆಕ್ ಅಲ್ಲ.

ಯಂತ್ರ ಸರಿ ಇದ್ದ ಮೇಲೆ ಒಬ್ಬೊಬ್ಬ ರೋಗಿಯ ಪ್ಲಾನ್, ಅಂದರೆ ಕಿರಣವನ್ನು ಹೇಗೆ ಎಷ್ಟು ಕೊಡಬೇಕು ಅನ್ನುವ ಕಂಪ್ಯೂಟರ್ ಲೆಕ್ಕ. ಐಎಂಆರ್‌ಟಿ, ವಿಮ್ಯಾಟ್ ಅನ್ನುವ ಬಗೆಯ ಪ್ಲಾನ್‌ಗಳಲ್ಲಿ ಎಂಎಲ್‌ಸಿಯ ಲೀಫ್‌ಗಳು (ಕಿರಣವನ್ನು ತಡೆಯುವ ತೆಳು ಲೋಹದ ಪಟ್ಟಿಗಳು) ಸರಿದಾಡುತ್ತಾ ಕಿರಣದ ಆಕಾರ ಬದಲಿಸುತ್ತಲೇ ಇರುತ್ತವೆ. ಇದನ್ನು ಕೈಲೆಕ್ಕದಲ್ಲಿ ಹಿಡಿಯೋದು ಕಷ್ಟ. ರೋಗಿಯ ಬದಲು ಡಿಟೆಕ್ಟರ್‌ಗಳಿರುವ ಫ್ಯಾಂಟಮ್ ಇಟ್ಟು, ಅದೇ ಪ್ಲಾನನ್ನು ಪೂರ್ತಿ ಓಡಿಸಿ, ಲೆಕ್ಕದ ಡೋಸ್ ಜೊತೆ ಹೋಲಿಸುತ್ತೇವೆ. ಹೋಲಿಸುವ ವಿಧಾನದ ಹೆಸರೇ ಗಾಮಾ. ಶೇ 3 ಡೋಸ್ ವ್ಯತ್ಯಾಸ, 2 ಮಿಲಿಮೀಟರ್ ದೂರ, ಈ ಮಿತಿಯಲ್ಲಿ ಎಷ್ಟು ಬಿಂದುಗಳು ಹೊಂದುತ್ತವೆ ಅಂತ ನೋಡುವುದು. ಅಮೆರಿಕದ ಮೆಡಿಕಲ್ ಫಿಸಿಸಿಸ್ಟ್‌ಗಳ ಸಂಘ ಎಎಪಿಎಂನ 2018ರ ಶಿಫಾರಸಿನಂತೆ ಶೇ 95 ದಾಟಿದರೆ ಸರಿ. ಶೇ 90ಕ್ಕಿಂತ ಕೆಳಗಿಳಿದರೆ ಕ್ರಮ ತೆಗೆದುಕೊಳ್ಳಲೇಬೇಕು.

ಒಂದು ಕುತ್ತಿಗೆ ಪ್ಲಾನ್‌ನಲ್ಲಿ ಶೇ 96 ಬಂತು. ಗಡ್ಡೆಗೆ 35 ಸಲದಲ್ಲಿ 70 ಗ್ರೇ (ಗ್ರೇ ಅಂದರೆ ಡೋಸ್ ಅಳೆಯುವ ಮಾನ). ಬೆನ್ನುಹುರಿಗೆ ನಾವು ಹಾಕಿಕೊಂಡ ಮಿತಿ 45 ಗ್ರೇ, ಪ್ಲಾನ್ ತೋರಿಸುತ್ತಿದ್ದದ್ದು 44. ಕಾಗದದ ಪ್ರಕಾರ ಪಾಸ್. ಆದರೆ ಬಿಂದುಗಳನ್ನು ತೋರಿಸುವ ಗಾಮಾ ನಕ್ಷೆಯಲ್ಲಿ ಫೇಲ್ ಆದ ಕೆಂಪು ಚುಕ್ಕೆಗಳು ಚದುರಿರಲಿಲ್ಲ. ಎಲ್ಲ ಬೆನ್ನುಹುರಿಯ ಅಂಚಿಗೆ ಸಾಲಾಗಿ ನಿಂತಿದ್ದವು. ಎಲ್ಲವೂ ಲೆಕ್ಕಕ್ಕಿಂತ ಜಾಸ್ತಿಯ ಕಡೆಗೇ ಇದ್ದವು. ಉಳಿದ ಶೇ 4 ಬಿಂದುಗಳು ಎಲ್ಲಿವೆ ಅನ್ನುವುದನ್ನು ಆ ಶೇಕಡಾ ಹೇಳುವುದೇ ಇಲ್ಲ, ಅಲ್ವಾ? ನನಗೆ ಸಹಿ ಹಾಕೋಕೆ ಮನಸ್ಸು ಬರಲಿಲ್ಲ.

ಆ ಜಾಗದಲ್ಲೇ ಚಿಕ್ಕ ಚೇಂಬರ್ ಇಟ್ಟು ಅಳೆದೆ. ಚಿಕ್ಕದೇ ಬೇಕು. ಫ್ರಾನ್ಸಿನ ಟುಲೂಸ್‌ನಲ್ಲಿ 2006-07ರಲ್ಲಿ ಸಣ್ಣ ಫೀಲ್ಡ್‌ಗಳನ್ನು (ಕಿರಣ ಬೀಳುವ ಜಾಗಗಳನ್ನು) ಅಳೆಯೋಕೆ ದೊಡ್ಡ ಡಿಟೆಕ್ಟರ್ ಬಳಸಿದ್ದರಿಂದ 145 ರೋಗಿಗಳಿಗೆ ತಪ್ಪು ಡೋಸ್ ಹೋಗಿತ್ತು. ನನ್ನ ಅಳತೆ ಲೆಕ್ಕಕ್ಕಿಂತ ಸುಮಾರು ಶೇ 5 ಜಾಸ್ತಿ ಬಂತು. ಅಂದರೆ 44 ಅಲ್ಲ, 46ರ ಮೇಲೆ. ಡಾಕ್ಟರ್ ಅವತ್ತೇ ಚಿಕಿತ್ಸೆ ಶುರು ಮಾಡಬೇಕು ಅಂತಿದ್ದರು. “ಸರ್, ಗಾಮಾ ಪಾಸ್ ಆಗಿದೆ, ಆದರೆ ಬೆನ್ನುಹುರಿ ಹತ್ತಿರ ಜಾಸ್ತಿ ಬರ್ತಿದೆ. ನಾಳೆವರೆಗೆ ಟೈಮ್ ಕೊಡಿ” ಅಂದೆ. ನಕ್ಷೆ ನೋಡಿದ ಕೂಡಲೇ ಒಪ್ಪಿದರು. ಹೊರಗೆ ಕಾಯುತ್ತಿದ್ದ ರೋಗಿಯ ಮಗಳಿಗೂ ನಾನೇ ಹೋಗಿ ಹೇಳಿದೆ. “ಯಂತ್ರ ಕೆಟ್ಟಿಲ್ಲಮ್ಮ. ನಿಮ್ಮ ತಂದೆಯವರ ಪ್ಲಾನನ್ನು ಇನ್ನೂ ಸ್ವಲ್ಪ ಸರಿ ಮಾಡ್ತಿದ್ದೀವಿ.” ಸುಮ್ನೆ ‘ನಾಳೆ ಬನ್ನಿ’ ಅಂದು ಕಳಿಸಿದರೆ ಆ ರಾತ್ರಿ ಅವರಿಗೆ ನಿದ್ದೆ ಬರುವುದಿಲ್ಲ.

ಕಾರಣ ಇದ್ದದ್ದು ಲೀಫ್‌ಗಳ ನಡುವಿನ ಸಂದಿಯಲ್ಲಿ. ಬೆನ್ನುಹುರಿಯನ್ನು ಉಳಿಸಲು ಪ್ಲಾನ್ ತುಂಬಾ ಕಿರಿದಾದ ಸಂದಿಗಳನ್ನು ಬಳಸಿತ್ತು. ಎದುರುಬದುರಿನ ಲೀಫ್‌ಗಳ ದುಂಡನೆಯ ತುದಿಗಳಲ್ಲಿ ಸ್ವಲ್ಪ ಕಿರಣ ನುಸುಳುತ್ತದೆ. ಅದನ್ನು ಲೆಕ್ಕಕ್ಕೆ ತರೋಕೆ ಪ್ಲಾನಿಂಗ್ ಸಿಸ್ಟಮ್‌ನಲ್ಲಿ ಲೀಫ್ ಗ್ಯಾಪ್ ಅಂತ ಒಂದು ಸಂಖ್ಯೆ ಕೊಟ್ಟಿರುತ್ತೇವೆ. ಅಗಲವಾದ ಸಂದಿಗಳಲ್ಲಿ ಆ ಸಂಖ್ಯೆ ಸ್ವಲ್ಪ ಆಚೆ ಈಚೆ ಇದ್ದರೂ ಗೊತ್ತಾಗುವುದಿಲ್ಲ. ಸಂದಿ ಕಿರಿದಾದಷ್ಟೂ ಅದರ ಪಾಲು ದೊಡ್ಡದಾಗುತ್ತದೆ. ಪ್ಲಾನ್‌ಗೆ ಮಾನಿಟರ್ ಯೂನಿಟ್‌ಗಳ (ಯಂತ್ರ ಎಷ್ಟು ಕಿರಣ ಬಿಡುತ್ತದೆ ಅನ್ನುವ ಎಣಿಕೆ) ಮಿತಿ ಹಾಕಿ ಮತ್ತೆ ಮಾಡಿದೆವು. ಸಂದಿಗಳು ಅಗಲವಾದವು. ಗಡ್ಡೆಯ ಕವರೇಜ್ ಒಂಚೂರು ಇಳಿಯಿತು, ಡಾಕ್ಟರ್ ಒಪ್ಪುವಷ್ಟರಲ್ಲೇ ಇತ್ತು. ಬೆನ್ನುಹುರಿಯ ಹತ್ತಿರ ಅಳತೆಗೂ ಲೆಕ್ಕಕ್ಕೂ ಶೇ 1ರ ಒಳಗೆ ಹೊಂದಿತು. ಆಮೇಲೆ ಸಹಿ ಹಾಕಿದೆ. ಮರುದಿನ ಚಿಕಿತ್ಸೆ ಶುರುವಾಯಿತು.

ಆ ವಾರವೇ ಲೀಫ್ ಗ್ಯಾಪನ್ನು ಮತ್ತೆ ಅಳೆದು ಸಿಸ್ಟಮ್‌ನಲ್ಲಿ ತಿದ್ದಿದೆವು. ಆಗ ಚಿಕಿತ್ಸೆಯಲ್ಲಿದ್ದ ಇಂಥ ಕಿರಿದಾದ ಸಂದಿಯ ಪ್ಲಾನ್‌ಗಳನ್ನೆಲ್ಲ ಹೊರತೆಗೆದು ಹೊಸ ಸಂಖ್ಯೆಯಲ್ಲಿ ಲೆಕ್ಕ ಹಾಕಿದೆವು. ಯಾರ ಬೆನ್ನುಹುರಿಯೂ ಮಿತಿ ದಾಟಿರಲಿಲ್ಲ. ಈಗ ನಮ್ಮ ವರದಿಯ ಮೊದಲ ಪುಟದಲ್ಲಿ ನಕ್ಷೆ ಇರುತ್ತದೆ, ಶೇಕಡಾ ಎರಡನೇ ಪುಟದಲ್ಲಿ.