ಮಣಿ ಟಾರ್ಚಿಗೆ ಯಾವ ಗ್ಯಾಸು? ನಮ್ಮ ಎಲ್‌ಪಿಜಿಯೇ ಸಾಕು

ಎಲ್‌ಪಿಜಿಯಲ್ಲಿ ಬ್ಯೂಟೇನ್ ಜಾಸ್ತಿ, ಗಾಜು ಕಪ್ಪಾಗುತ್ತೆ, ದುಬಾರಿ ಇಟಾಲಿಯನ್ ಕಡ್ಡಿ ಹಾಳಾಗುತ್ತೆ, ಬೆಸುಗೆಯವರ ಮ್ಯಾಪ್ ಗ್ಯಾಸೋ ಅಸಿಟಲೀನೋ ಇಲ್ಲದೆ ಕೆಲಸ ನಡೆಯಲ್ಲ. ಬೆಂಗಳೂರಲ್ಲಿ ಗಾಜಿನ ಕಡ್ಡಿಯನ್ನು ಟಾರ್ಚಿನ ಜ್ವಾಲೆಯಲ್ಲಿ ಕರಗಿಸಿ, ಕಂಬಿಗೆ ಸುತ್ತಿ ಮಣಿ ಮಾಡಲು ಹೊರಟವರಿಗೆಲ್ಲ ಸಿಗುವ ಬುದ್ಧಿವಾದ ಇದು. ನನಗೂ ಇದನ್ನೇ ಹೇಳಿದ್ದರು. ಈಗ ನಾನು ಬಳಸೋದು 19 ಕೆಜಿ ಕಮರ್ಷಿಯಲ್ ಸಿಲಿಂಡರ್, ಸೆಕೆಂಡ್ ಹ್ಯಾಂಡ್ 5 ಲೀಟರ್ ಆಕ್ಸಿಜನ್ ಕಾನ್ಸಂಟ್ರೇಟರ್ (ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸುವ ಮೆಷಿನ್), ನಾರ್ಟೆಲ್ ಮೈನರ್ ಅನ್ನೋ ಮಣಿ ಟಾರ್ಚ್. ಇಟಲಿಯ ಎಫೆಟ್ರೆ ಕಡ್ಡಿಗಳಲ್ಲಿ 204 ನಂಬರಿನ ಬಿಳಿ ಹಾಲಿನ ಹಾಗೇ ಬರುತ್ತೆ, 006 ಪಾರದರ್ಶಕ ಕಡ್ಡಿಯಲ್ಲಿ ಹೊಗೆ ಕಾಣಲ್ಲ, ಎಲ್ಲರನ್ನೂ ಕಾಡುವ 232 ಟರ್ಕಾಯ್ಸ್ ಕೂಡ ಕೆಂಪಾಗದೆ ಉಳಿಯುತ್ತೆ. ಗ್ಯಾಸು, ಕರೆಂಟು ಎರಡೂ ಸೇರಿ, ನಾನು ಲೆಕ್ಕ ಹಾಕಿದಾಗ ಗಂಟೆಗೆ 16-17 ರೂಪಾಯಿ ಬಂತು.

ಇಲ್ಲಿಗೆ ಬರುವ ಮುಂಚೆ ಬೇರೆ ದಾರಿಗಳಲ್ಲಿ ಹೋದ ದುಡ್ಡಿನ ಲೆಕ್ಕವನ್ನೂ ಹೇಳಬೇಕು, ಏಕೆಂದರೆ ಹೊಸಬರು ಎಲ್ಲರೂ ಕೈಹಾಕೋದು ಅಲ್ಲಿಗೇ.

ಮೊದಲನೆಯದು ಹಾಟ್ ಹೆಡ್ ಅನ್ನೋ ಟಾರ್ಚ್. ಆಕ್ಸಿಜನ್ ಬೇಡ, ಕ್ಯಾನಿಗೆ ತಿರುಗಿಸಿ ಹಚ್ಚಿದರೆ ಆಯಿತು ಅನ್ನೋದು ಅದರ ಆಕರ್ಷಣೆ. ಟಾರ್ಚಿನ ಬೆಲೆ ಕಸ್ಟಮ್ಸ್ ಸೇರಿ 6-7 ಸಾವಿರ. ಸಮಸ್ಯೆ ಕ್ಯಾನಿನದು. ಎಸಿ ರಿಪೇರಿಯವರು ತಾಮ್ರದ ಪೈಪ್ ಬೆಸೆಯಲು ಬಳಸುವ ಹಳದಿ ಕ್ಯಾನಿನ ಮೇಲೆ ಮ್ಯಾಪ್ ಅಂತ ಬರೆದಿರುತ್ತೆ. ಹಳೆಯ, ನಿಜವಾದ ಮ್ಯಾಪ್ ತಯಾರಿಕೆ ಉತ್ತರ ಅಮೆರಿಕದಲ್ಲಿ 2008ರಲ್ಲೇ ನಿಂತುಹೋಯಿತು. ಈಗ ಆ ಹೆಸರಲ್ಲಿ ಸಿಗೋದು ಹೆಚ್ಚಾಗಿ ಪ್ರೊಪಿಲೀನ್. ಕೆಟ್ಟದ್ದೇನಲ್ಲ, ಗಾಳಿಯಲ್ಲಿ ಉರಿದರೆ ಪ್ರೊಪೇನ್‌ಗಿಂತ ಒಂದಿಷ್ಟು ಬಿಸಿ ಜಾಸ್ತಿ. ಆದರೆ 400 ಗ್ರಾಮಿನ ಕ್ಯಾನಿಗೆ 1,100-1,200 ರೂಪಾಯಿ, ಮೂರು ಗಂಟೆ ಬಂದರೆ ಹೆಚ್ಚು. ಗಂಟೆಗೆ 350ರ ಮೇಲೆ. ಕಲಿಯುವವರು ದಿನಕ್ಕೆ ಎರಡು ಗಂಟೆಯಾದರೂ ಕೂರಬೇಕು. ಹಾಗಾದರೆ ತಿಂಗಳಿಗೆ ಎಷ್ಟಾಗುತ್ತೆ ಅಂತ ನೀವೇ ಗುಣಿಸಿ ನೋಡಿ. ಇನ್ನೊಂದು ವಿಷಯ: ಗಾಳಿ ಎಳೆದುಕೊಂಡು ಉರಿಯುವ ಯಾವ ಟಾರ್ಚ್ ಆದರೂ ಎತ್ತರದ ಊರಲ್ಲಿ ಸೊರಗುತ್ತೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಇಲ್ಲಿ ಗಾಳಿ ಹತ್ತು ಪರ್ಸೆಂಟ್ ತೆಳು. ಅದೇ ಟಾರ್ಚ್ ಮಂಗಳೂರಲ್ಲಿ ಚುರುಕಾಗಿ ಕರಗಿಸುವ ಕಡ್ಡಿ ಇಲ್ಲಿ ತಡವಾಗಿ ಕರಗುತ್ತೆ. ತಡವಾದಷ್ಟು ಹೊತ್ತು ಗಾಜು ಹೊಗೆಯ ಜ್ವಾಲೆಯಲ್ಲೇ ಇರುತ್ತೆ, ಬಣ್ಣ ಮಂಕಾಗುತ್ತೆ.

ಕ್ಯಾಂಪಿಂಗ್ ಸ್ಟವ್‌ನ 220 ಗ್ರಾಂ ಬ್ಯೂಟೇನ್ ಕ್ಯಾನ್ ಅಗ್ಗ, 150ಕ್ಕೆ ಸಿಗುತ್ತೆ. ಅದರಲ್ಲಿ ಕಾಲು ಗಂಟೆ ಮಾತ್ರ ಚೆನ್ನಾಗಿರುತ್ತೆ. ಬ್ಯೂಟೇನ್ ಕುದಿಯೋದು ಮೈನಸ್ ಅರ್ಧ ಡಿಗ್ರಿಯಲ್ಲಿ. ಆವಿಯಾಗುತ್ತಾ ಕ್ಯಾನ್ ತಣ್ಣಗಾಗಿ ಪ್ರೆಷರ್ ಕುಸಿಯುತ್ತೆ, ಡಿಸೆಂಬರ್ ಬೆಳಗ್ಗೆ 15-16 ಡಿಗ್ರಿ ಇದ್ದಾಗಲಂತೂ ಜ್ವಾಲೆ ಕಣ್ಣೆದುರೇ ಗಿಡ್ಡವಾಗುತ್ತೆ. ಅರ್ಧ ಸುತ್ತಿದ ಮಣಿ ಅಲ್ಲಿಗೇ ಬಿರುಕು.

ಅಸಿಟಲೀನ್ ಹೇಳಿಕೊಡೋರು ವೆಲ್ಡಿಂಗ್‌ನವರು, ಅವರ ಕೆಲಸಕ್ಕೆ ಅದು ಸರಿ. ಆಕ್ಸಿಜನ್ ಜೊತೆ 3,100 ಡಿಗ್ರಿ ದಾಟುವ ಜ್ವಾಲೆ ಮೆತ್ತನೆ ಗಾಜಿಗೆ ಬೇಕಿಲ್ಲ. ಎಫೆಟ್ರೆಯಂಥ 104 ಸಿಓಇ (ಬಿಸಿಗೆ ಹಿಗ್ಗುವ ಪ್ರಮಾಣ) ಗಾಜಿನ ಮೇಲ್ಮೈ ಕುದ್ದು ಗುಳ್ಳೆ ಏಳುತ್ತೆ, ಒಳಗೆ ಇನ್ನೂ ಗಟ್ಟಿ. ಇಂಗಾಲ ಹೆಚ್ಚಿರುವ ಅನಿಲ ಬೇರೆ, ಕೈ ಸ್ವಲ್ಪ ತಪ್ಪಿದರೂ ಮಸಿ. ತಾಮ್ರದಿಂದ ಬಣ್ಣ ಪಡೆದ ಕಡ್ಡಿಗಳೆಲ್ಲ ಲಿವರ್ ಬಣ್ಣಕ್ಕೆ ತಿರುಗುತ್ತವೆ. ಗ್ಯಾಸು, ಆಕ್ಸಿಜನ್ ಎರಡೂ ಬಾಯಿಂದ ಹೊರಬಂದ ಮೇಲೆ ಬೆರೆಯುವ (ಸರ್ಫೇಸ್ ಮಿಕ್ಸ್) ಮಣಿ ಟಾರ್ಚ್‌ಗಳನ್ನು ಪ್ರೊಪೇನ್‌ಗೋ ನ್ಯಾಚುರಲ್ ಗ್ಯಾಸ್‌ಗೋ ಮಾಡಿರೋದು, ಅವಕ್ಕೆ ಅಸಿಟಲೀನ್ ಕೊಡಲೇಬಾರದು.

ಹಾಗಾದರೆ ಎಲ್‌ಪಿಜಿ ಯಾಕೆ ಕಪ್ಪು ಮಾಡುತ್ತೆ ಅಂತಾರೆ? ಬೆಂಕಿ ಕಪ್ಪಾಗೋದು ಆಕ್ಸಿಜನ್ ಸಾಲದಾಗ. ಒಂದು ಪಾಲು ಮೀಥೇನ್ ಪೂರ್ತಿ ಉರಿಯಲು ಎರಡು ಪಾಲು ಆಕ್ಸಿಜನ್ ಸಾಕು, ಪ್ರೊಪೇನ್‌ಗೆ ಐದು, ಬ್ಯೂಟೇನ್‌ಗೆ ಆರೂವರೆ. ಪ್ರೊಪೇನ್‌ಗೆ ಅಂತ ಬರೆದ ಪಾಠ ನೋಡಿ ವಾಲ್ವ್ ತಿರುಗಿಸಿದವರಿಗೆ ಪ್ರೊಪೇನ್, ಬ್ಯೂಟೇನ್ ಬೆರೆತ ನಮ್ಮ ಗ್ಯಾಸಲ್ಲಿ ಹಳದಿ ತುದಿ ಬರದೆ ಇನ್ನೇನು? ಇಂಧನ ತಗ್ಗಿಸಬೇಕು, ಅಷ್ಟೆ. ವಾಸನೆಗೆ ಸೇರಿಸುವ ಮರ್ಕ್ಯಾಪ್ಟನ್ ಗಾಜು ಕೆಡಿಸುತ್ತೆ ಅನ್ನೋ ಮಾತೂ ಇದೆ. ಅಮೆರಿಕದವರ ಪ್ರೊಪೇನ್‌ಗೂ ಅದನ್ನೇ ಹಾಕೋದು, ಅಲ್ಲಿ ಯಾರ ಮಣಿಯೂ ಅದರಿಂದ ಕೆಟ್ಟಿದ್ದು ನಾನು ಕೇಳಿಲ್ಲ.

ಈ ಲೆಕ್ಕದಿಂದಲೇ ಖರ್ಚೂ ಗೊತ್ತಾಗುತ್ತೆ. ಕಾನ್ಸಂಟ್ರೇಟರ್ ನಿಮಿಷಕ್ಕೆ 5 ಲೀಟರ್, 93 ಪರ್ಸೆಂಟ್ ಶುದ್ಧ ಆಕ್ಸಿಜನ್ ಕೊಟ್ಟರೆ ಅದು ಸುಡಬಲ್ಲ ಪ್ರೊಪೇನ್ ಗಂಟೆಗೆ ಹೆಚ್ಚುಕಮ್ಮಿ 100 ಗ್ರಾಂ. ಬ್ಯೂಟೇನ್ ಹಿಡಿದು ಲೆಕ್ಕ ಹಾಕಿದರೂ 100 ಗ್ರಾಮೇ ಬರುತ್ತೆ, ಲೀಟರ್ ಕಡಿಮೆ, ತೂಕ ಜಾಸ್ತಿ. ಸುತ್ತಲಿನ ಗಾಳಿಯಲ್ಲೂ ಒಂದಷ್ಟು ಉರಿಯುತ್ತೆ, ಹಾಗಾಗಿ ತೂಕ ಹಾಕಿ ನೋಡಿದಾಗ ನನ್ನದು 120-130 ಗ್ರಾಂ. ಕೊನೆಯ ಒಂದೂವರೆ ಕೆಜಿ ಬಿಟ್ಟರೂ 19 ಕೆಜಿ ಸಿಲಿಂಡರ್ 130-140 ಗಂಟೆ ಬರುತ್ತೆ. ನಾನು ಲೆಕ್ಕ ಹಾಕಿದಾಗ ರೀಫಿಲ್ 1,800ರ ಆಸುಪಾಸು ಇತ್ತು. ಮೆಷಿನ್ 350 ವ್ಯಾಟ್, ಗಂಟೆಗೆ ಮೂರು ರೂಪಾಯಿ ಕರೆಂಟು.

ಸಿಲಿಂಡರ್ ಯಾವುದು? ಅಡುಗೆಮನೆಯ 14.2 ಕೆಜಿ ಕೆಂಪು ಸಿಲಿಂಡರ್ ಬೇಡ. ಅದು ಅಡುಗೆಗೆ ಮಾತ್ರ ಕೊಡೋದು, ಬೇರೆ ಕೆಲಸಕ್ಕೆ ಬಳಸುವಂತಿಲ್ಲ. ಜಾಗ ಕಡಿಮೆ ಇದ್ದವರಿಗೆ ಇಂಡೇನ್‌ನ ಛೋಟು ಥರದ 5 ಕೆಜಿ ಸಿಲಿಂಡರ್ ಇದೆ, ಗುರುತಿನ ಚೀಟಿ ತೋರಿಸಿದರೆ ಸಿಗುತ್ತೆ. ಕೆಜಿ ಲೆಕ್ಕದಲ್ಲಿ ದುಬಾರಿ. ಆದರೂ 35-40 ಗಂಟೆ ಬರುತ್ತೆ, ಇದು ಕೈಗೆ ಒಗ್ಗುತ್ತಾ ಅಂತ ನೋಡಲು ಅಷ್ಟು ಸಾಕು.

ಇನ್ನು ರೆಗ್ಯುಲೇಟರ್. ಬಹಳ ಜನ ಎಲ್‌ಪಿಜಿ ಕೈಬಿಟ್ಟಿರೋದು ಇಲ್ಲೇ. ಮನೆ ರೆಗ್ಯುಲೇಟರ್ ಕೊಡೋದು 30 ಮಿಲಿಬಾರ್, ಅಂದರೆ ಅರ್ಧ ಪಿಎಸ್‌ಐಗೂ ಕಡಿಮೆ. ಮೈನರ್‌ಗೆ 3ರಿಂದ 5 ಪಿಎಸ್‌ಐ ಬೇಕು. ಕಡಿಮೆ ಪ್ರೆಷರ್‌ನಲ್ಲಿ ಜ್ವಾಲೆ ಸಣ್ಣದಾಗೋದು ಮಾತ್ರವಲ್ಲ, ಅಪಾಯವೂ ಇದೆ. ಕಾನ್ಸಂಟ್ರೇಟರಿನಿಂದ ಬರುವ ಆಕ್ಸಿಜನ್ 6-8 ಪಿಎಸ್‌ಐ ಇರುತ್ತೆ. ಟಾರ್ಚಿನ ಬಾಯಿಗೆ ಗಾಜು ಅಂಟಿ ತೂತು ಮುಚ್ಚಿದರೆ ಆ ಆಕ್ಸಿಜನ್ ದುರ್ಬಲವಾದ ಗ್ಯಾಸ್ ಲೈನಿಗೆ ಹಿಂದಕ್ಕೆ ನುಗ್ಗುತ್ತೆ. ಹೋಟೆಲ್ ಸ್ಟವ್‌ನವರು ಬಳಸುವ ಹೈ ಪ್ರೆಷರ್ ಅಡ್ಜಸ್ಟಬಲ್ ರೆಗ್ಯುಲೇಟರ್ ತಗೊಳ್ಳಿ, ಐಎಸ್‌ಐ ಗುರುತಿರಲಿ, ಮುಂದೆ 0-1 ಬಾರ್ ಗೇಜ್ ಕೂರಿಸಿ. ಗೇಜ್ ಇಲ್ಲದ ರೆಗ್ಯುಲೇಟರ್‌ನಲ್ಲಿ ಕಾಲು ಸುತ್ತಿಗೇ ಎಲ್ಲಿಂದೆಲ್ಲಿಗೋ ಹೋಗುತ್ತೆ. ನಾನು ಇಟ್ಟುಕೊಳ್ಳೋದು 0.25 ಬಾರ್, ಅಂದರೆ ಸುಮಾರು ಮೂರೂವರೆ ಪಿಎಸ್‌ಐ. ಎರಡೂ ಲೈನಿಗೆ ಚೆಕ್ ವಾಲ್ವ್ (ಹಿಂದಕ್ಕೆ ಹರಿಯಲು ಬಿಡದ ವಾಲ್ವ್) ಕಡ್ಡಾಯ, ಗ್ಯಾಸ್ ಲೈನಿಗೆ ಫ್ಲ್ಯಾಶ್‌ಬ್ಯಾಕ್ ಅರೆಸ್ಟರ್ (ಒಳಗೆ ನುಗ್ಗುವ ಬೆಂಕಿ ತಡೆಯೋದು) ಕೂಡ. ಆಕ್ಸಿಜನ್ ಕಡೆಗೆ ಭಾರಿ ಅರೆಸ್ಟರ್ ಹಾಕಿದರೆ ಮೆಷಿನ್ನಿನ ಅಷ್ಟಿಷ್ಟು ಪ್ರೆಷರ್ ಅದರಲ್ಲೇ ತಿಂದುಹೋಗುತ್ತೆ, ಅಲ್ಲಿ ಕಡಿಮೆ ತಡೆಯ ಚೆಕ್ ವಾಲ್ವ್ ಹುಡುಕಿ.

ವೆಲ್ಡಿಂಗ್ ಅಂಗಡಿಯ ಕೆಂಪು ಹೋಸ್ ಅಸಿಟಲೀನ್‌ಗೆ. ಎಲ್‌ಪಿಜಿ ಅದರ ರಬ್ಬರನ್ನು ಒಳಗಿಂದ ತಿನ್ನುತ್ತೆ, ಕರಗಿದ ಎಣ್ಣೆಯಂಥ ಅಂಟು ಟಾರ್ಚಿನ ಸೂಜಿ ವಾಲ್ವಿನಲ್ಲಿ ಬಂದು ಕೂರುತ್ತೆ. ಐಎಸ್ 9573 ಅಂತ ಅಚ್ಚಿರುವ ಎಲ್‌ಪಿಜಿ ಹೋಸೇ ಇರಲಿ. ಟಾರ್ಚಿನ ಇಂಧನ ನಟ್ಟು ಎಡಕ್ಕೆ ತಿರುಗಿಸಿ ಬಿಗಿ ಮಾಡುವ ಥ್ರೆಡ್ಡಿನದು, ಅಮೆರಿಕದ ಅಳತೆ. ನಮ್ಮ ಹೋಸಿಗೆ ಕೂರುವ ಹಿತ್ತಾಳೆ ಅಡಾಪ್ಟರ್ ಲೇತಿನಲ್ಲಿ ಮಾಡಿಸಬೇಕು. ಎರಡಕ್ಕೆ 700-800 ರೂಪಾಯಿ ಆಯಿತು. ಪೀಣ್ಯದಲ್ಲಿ ಸುತ್ತಿದರೆ ಮಾಡಿಕೊಡುವವರು ಸಿಗುತ್ತಾರೆ, ನನ್ನವರ ವಿಳಾಸ ಮಾತ್ರ ಕೊಡಲ್ಲ, ಅವರಿಗೆ ಈಗಲೇ ಕೈತುಂಬ ಕೆಲಸ. ಕೂಡಿಸಿದ ಮೇಲೆ ಸೋಪಿನ ನೀರು ಹಚ್ಚಿ ನೋಡಿ. ಆಕ್ಸಿಜನ್ ಕಡೆಯ ಥ್ರೆಡ್ಡಿಗೆ ಎಣ್ಣೆ, ಗ್ರೀಸು ಮುಟ್ಟಿಸಲೇಬಾರದು.

ಕಾನ್ಸಂಟ್ರೇಟರ್ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳಬೇಕು. ಇಂಧನ ಆರಿಸೋದು ಅಂದರೆ ಅರ್ಧ ಪಾಲು ಆಕ್ಸಿಜನ್ ಆರಿಸೋದೇ. 2021ರ ಕೋವಿಡ್ ಎರಡನೇ ಅಲೆಯಲ್ಲಿ ಜನ ಕೊಂಡ ಮೆಷಿನ್‌ಗಳು ಆಮೇಲೆ ಅಗ್ಗಕ್ಕೆ ಬಂದವು, ಹೊಸದಕ್ಕೆ 45-50 ಸಾವಿರ ಇದ್ದದ್ದು 13-14 ಸಾವಿರಕ್ಕೆ. ಇದರಲ್ಲಿ ಎರಡು ಬಗೆ. ಸೂಟ್‌ಕೇಸಿನಷ್ಟಿರುವ, ‘1-7 ಲೀಟರ್’ ಅಂತ ಬರೆದ ಹಗುರ ಮೆಷಿನ್‌ಗಳಲ್ಲಿ 90 ಪರ್ಸೆಂಟ್ ಬರೋದು 1 ಲೀಟರಿನಲ್ಲಿ ಮಾತ್ರ, 7ಕ್ಕೆ ಏರಿಸಿದರೆ 30 ಪರ್ಸೆಂಟ್‌ಗೆ ಇಳಿಯುತ್ತೆ. ಟಾರ್ಚಿಗೆ ಅದು ಬೀಸಣಿಗೆ ಇದ್ದಂತೆ. 14-20 ಕೆಜಿ ತೂಗುವ, 5 ಲೀಟರಿನಲ್ಲೂ 93 ಕೊಡುವ ಆಸ್ಪತ್ರೆ ಮಾದರಿಯೇ ಬೇಕು. ಗೋಡೌನಿನಲ್ಲಿ ವರ್ಷಗಟ್ಟಲೆ ಸುಮ್ಮನೆ ಬಿದ್ದಿದ್ದರೆ ಒಳಗೆ ಗಾಳಿಯ ನೈಟ್ರೋಜನ್ ಹಿಡಿದಿಡುವ ಜಿಯೋಲೈಟ್ ಹರಳು ತೇವ ಹೀರಿ ಸತ್ತಿರುತ್ತೆ. ಮೀಟರಿನಲ್ಲಿ ಓಡಿದ ಗಂಟೆ ಕಡಿಮೆ ತೋರಿಸಿದರೂ ನಂಬಬೇಡಿ. ಆಕ್ಸಿಜನ್ ಸೆನ್ಸರ್ ಹಿಡಿದು ಹೋಗಿ, ಪೂರ್ತಿ 5 ಲೀಟರಿನಲ್ಲಿ ಅರ್ಧ ಗಂಟೆ ಓಡಿಸಿ ಓದಿ. 88ಕ್ಕಿಂತ ಕೆಳಗಿದ್ದರೆ ಬಿಟ್ಟು ಬನ್ನಿ. ಮನೆಗೆ ತಂದ ಮೇಲೆ ರೋಗಿಗಳ ಉಸಿರಿಗೆ ತೇವ ಸೇರಿಸುವ ನೀರಿನ ಬಾಟಲಿ ಕಿತ್ತುಹಾಕಿ, ಅಲ್ಲಿ ಸೋರುತ್ತೆ, ಹನಿಯೂ ಬರುತ್ತೆ.

ಆಕ್ಸಿಜನ್ ಸಿಲಿಂಡರ್ ಲೆಕ್ಕದಲ್ಲಿ ತೀರಾ ದುಬಾರಿ ಅಲ್ಲ. 7 ಘನ ಮೀಟರಿನ ದೊಡ್ಡದು ಇದೇ ಟಾರ್ಚಿಗೆ 23 ಗಂಟೆ ಬರುತ್ತೆ, ರೀಫಿಲ್ 400 ಅಂದುಕೊಂಡರೆ ಗಂಟೆಗೆ 17-18. ಡಿಪಾಸಿಟ್ಟು, ಆಟೋ ಬಾಡಿಗೆ, ಮೆಟ್ಟಿಲು ಹತ್ತಿಸೋ ಕೂಲಿ ಸೇರಿದಾಗ ಅದು ಸೋಲುತ್ತೆ.

ಜ್ವಾಲೆ ಹೊಂದಿಸೋದು ಹೀಗೆ. ಆಕ್ಸಿಜನ್ ನಾಬ್ ಪೂರ್ತಿ ತೆರೆದಿಡಿ, ಮೆಷಿನ್ ಕೊಟ್ಟಷ್ಟು ಬರಲಿ. ಹೊಂದಾಣಿಕೆಯೆಲ್ಲ ಗ್ಯಾಸ್ ನಾಬಿನಲ್ಲಿ. ಟಾರ್ಚಿನ ಬಾಯಲ್ಲಿ ಕಾಣುವ ನೀಲಿ ಮೊನೆಗಳು 5-6 ಮಿಲಿಮೀಟರ್, ಚೂಪಾಗಿ, ಒಂದಕ್ಕೊಂದು ಅಂಟದೆ ನಿಲ್ಲಬೇಕು. ಉದ್ದವಾಗಿ ಮೆತ್ತಗಾದರೆ ಗ್ಯಾಸ್ ಜಾಸ್ತಿ. ಪರೀಕ್ಷೆಗೆ 232 ಟರ್ಕಾಯ್ಸ್ ಕಡ್ಡಿಯ ತುದಿಯನ್ನು ಟಾರ್ಚಿನ ಬಾಯಿಂದ ನಾಲ್ಕು ಬೆರಳು ಆಚೆ ಹಿಡಿಯಿರಿ. ಕೆಂಪು ಪೊರೆ ಬಂದರೆ ಕೂದಲೆಳೆಯಷ್ಟು ಗ್ಯಾಸ್ ಇಳಿಸಿ, ಇನ್ನೂ ಒಂದಂಗುಲ ದೂರ ಹೋಗಿ. ಅದೇ ಟರ್ಕಾಯ್ಸ್ ಮೇಲೆ ಬೇಕೆಂದೇ ಲೋಹದ ಹೊಳಪು ತರಿಸೋ ನಾಬಿನ ಜಾಗ ಒಂದಿದೆ, ಅದು ನನ್ನ ಮಣಿಗಳ ಗುರುತು. ಆ ಅಳತೆ ನನ್ನಲ್ಲೇ ಇರಲಿ.

ಮಿಶ್ರ ಗ್ಯಾಸಿನ ನಿಜವಾದ ತೊಂದರೆ ಬರೋದು ಸಿಲಿಂಡರಿನ ಕೊನೆಯಲ್ಲಿ. ಪ್ರೊಪೇನ್ ಮೈನಸ್ 42ರಲ್ಲೇ ಕುದಿಯುವಂಥದ್ದು, ಅದೇ ಮೊದಲು ಹೊರಗೆ ಹೋಗುತ್ತೆ. ಕೊನೆಯ ಕಾಲು ಭಾಗದಲ್ಲಿ ಉಳಿಯೋದು ಬಹುಪಾಲು ಬ್ಯೂಟೇನ್. ನಾಬ್ ಮುಟ್ಟದಿದ್ದರೂ ಜ್ವಾಲೆ ತಾನಾಗಿ ಹಳದಿಗೆ ವಾಲುತ್ತೆ. ಎಲ್‌ಪಿಜಿ ಕಪ್ಪು ಮಾಡುತ್ತೆ ಅನ್ನೋರು ನೋಡಿರೋದು ಬಹುಶಃ ಇದನ್ನೇ. ಸಿಲಿಂಡರ್ ತೂಕ ಬರೆದಿಡಿ, ಅರ್ಧ ದಾಟಿದ ಮೇಲೆ ಪ್ರತಿ ಸಲ ಟರ್ಕಾಯ್ಸ್ ಪರೀಕ್ಷೆ ಮಾಡಿ. ಬಿಳಿ, ದಂತದ ಬಣ್ಣದ ಕೆಲಸ ಮೊದಲ ಅರ್ಧದಲ್ಲಿ ಮುಗಿಸಿ, ಕೊನೆಗೆ 064 ಕಪ್ಪು, ಗಾಢ ಪಾರದರ್ಶಕಗಳನ್ನು ಇಟ್ಟುಕೊಳ್ಳಿ.

ಬೆಂಗಳೂರಿನ ಗೇಲ್ ಗ್ಯಾಸ್ ಪೈಪ್‌ಲೈನ್ ಇರುವ ಮನೆಯವರು ಪಿಎನ್‌ಜಿ ಬಗ್ಗೆ ಕೇಳುತ್ತಾರೆ. ಪೈಪಿನಲ್ಲಿ ಬರುವ ಈ ನ್ಯಾಚುರಲ್ ಗ್ಯಾಸ್ ಬಹುಪಾಲು ಮೀಥೇನ್, ಅದರ ಜ್ವಾಲೆ ಬಲು ಸ್ವಚ್ಛ, ಬಣ್ಣಕ್ಕೆ ಎಲ್‌ಪಿಜಿಗಿಂತ ಒಳ್ಳೆಯದೇ. ಆದರೆ ಮನೆಗೆ ಬರುವ ಪ್ರೆಷರ್ 21 ಮಿಲಿಬಾರ್, ಹಿಂದೆ ಹೇಳಿದ ಆಕ್ಸಿಜನ್ ನುಗ್ಗುವ ಅಪಾಯ ಇಲ್ಲಿ ಇಡೀ ಕಟ್ಟಡದ ಲೈನಿಗೆ. ಅಡುಗೆಮನೆ ಪಾಯಿಂಟಿಗೆ ಟಾರ್ಚ್ ಸೇರಿಸಬೇಡಿ. ನೀರಿನಿಂದ ಹೈಡ್ರೋಜನ್ ಮಾಡುವ, ಅಕ್ಕಸಾಲಿಗರು ತರಿಸುವ ಮೆಷಿನನ್ನೂ ಎರವಲು ತಂದು ನೋಡಿದೆ. ಸೂಜಿಯಂಥ ಜ್ವಾಲೆ, ಚಿನ್ನದ ಬೆಸುಗೆಗೆ ಸೊಗಸು, 10 ಮಿಲಿಮೀಟರ್ ಮಣಿಯನ್ನು ಸುತ್ತಲೂ ಬಿಸಿಯಾಗಿಡಲು ಆಗಲ್ಲ.

ಫಿರೋಜಾಬಾದಿನ ಒಡೆದ ಬಳೆ ಚೂರಲ್ಲೂ ಮಾಡಿದ್ದೇನೆ. ಆ ಊರಿನ ಕುಲುಮೆಗಳೇ 1996ರ ಸುಪ್ರೀಂ ಕೋರ್ಟ್ ಆದೇಶದ ನಂತರ ಕಲ್ಲಿದ್ದಲು ಬಿಟ್ಟು ನ್ಯಾಚುರಲ್ ಗ್ಯಾಸಿಗೆ ಬಂದವು. ಬಳೆ ಗಾಜು ಎಫೆಟ್ರೆಗಿಂತ ಬಿಗಿ, ಜ್ವಾಲೆಯ ಒಳಗೆ ಇನ್ನಷ್ಟು ಹತ್ತಿರ ಹಿಡಿಯಬೇಕು, ಆದರೂ ಈ ಟಾರ್ಚಿನಲ್ಲೇ ಕರಗುತ್ತೆ. ಬರೀ ಬಳೆಯಿಂದಲೇ ಮಾಡಿದ ಮಣಿ ಗಟ್ಟಿಯಾಗಿ ನಿಂತಿದೆ. ಅದರ ಮೇಲೆ ಎಫೆಟ್ರೆ ಚುಕ್ಕಿ ಇಟ್ಟವು ಎಲ್ಲ ಕಿಲ್ನಿನಿಂದ (ಮಣಿಯನ್ನು ನಿಧಾನವಾಗಿ ತಣಿಸುವ ಗೂಡು) ತೆಗೆದ ಒಂದೆರಡು ದಿನದಲ್ಲಿ ಸೀಳಿದವು, ಕುಗ್ಗುವ ಪ್ರಮಾಣ ಬೇರೆಬೇರೆ.

ಜಾಗದ ವಿಷಯ: ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಮಡುಗಟ್ಟುತ್ತೆ. ಸಿಲಿಂಡರ್ ಬಾಲ್ಕನಿಯಲ್ಲಿ, ನೇರವಾಗಿ ನಿಲ್ಲಿಸಿ, ಹತ್ತಿರ ಚರಂಡಿ ಬಾಯಿ ಇರಬಾರದು. ಬೇಸ್‌ಮೆಂಟಿನಲ್ಲಿ ಈ ಕೆಲಸವೇ ಬೇಡ. ಮೇಜಿನ ಮೇಲೆ ಗಂಟೆಗೆ 1,000 ಘನ ಮೀಟರ್ ಎಳೆಯುವ, ಹೊಗೆ ಹೊರಗೆ ಬಿಡುವ ಅಡುಗೆಮನೆ ಚಿಮಣಿ ಸಾಕು, ಬೆನ್ನ ಹಿಂದಿನ ಕಿಟಕಿ ತೆರೆದಿದ್ದರೆ ಮಾತ್ರ. ಮುಚ್ಚಿದ ಕೋಣೆಯಲ್ಲಿ ಚಿಮಣಿಗೆ ಎಳೆಯಲು ಗಾಳಿಯೇ ಇರಲ್ಲ. ಕಾರ್ಬನ್ ಮೊನಾಕ್ಸೈಡ್ ಅಲಾರಂ 1,500ಕ್ಕೆ ಸಿಗುತ್ತೆ, ಮೊದಲ ಕಡ್ಡಿ ಕೊಳ್ಳುವ ಮುಂಚೆ ಅದನ್ನು ಕೊಳ್ಳಿ.