ಕೊನೆಯ ಬೈಕಿನಲ್ಲಿ ಜೋಮ್ಲು ತೀರ್ಥಕ್ಕೆ

ಉಡುಪಿಯಲ್ಲಿ ಒಂದು ದಿನದ ಬೈಕ್ ಸವಾರಿ ಅಂದ್ರೆ ಎಲ್ಲರ ಬಾಯಲ್ಲೂ ಆಗುಂಬೆ, ಇಲ್ಲದಿದ್ದರೆ ಕೂಡ್ಲು ತೀರ್ಥ. ನಾವು ಈ ಸಲ ಹೆಬ್ರಿ ಹತ್ತಿರದ ಚಾರ ಗ್ರಾಮದ ಜೋಮ್ಲು ತೀರ್ಥಕ್ಕೆ ಹೋದೆವು. ಕೂಡ್ಲುವಿನ ಹಾಗೆ ಎತ್ತರದಿಂದ ಧುಮುಕುವ ಜಲಪಾತ ಅಲ್ಲ ಇದು. ಸೀತಾ ನದಿ ದೊಡ್ಡ ಬಂಡೆಗಳ ಮೇಲೆ ಹರಡಿಕೊಂಡು ಬಂದು ಸುಮಾರು 20 ಅಡಿ ಕೆಳಗೆ ಇಳಿಯುತ್ತದೆ. ಅಷ್ಟೇ. ಆದರೆ ಆ ಬಂಡೆಯ ಮೇಲೆ ಕೂತು ನೀರಿನ ಸದ್ದು ಕೇಳಿದವರಿಗೆ ಎದ್ದು ಬರಲು ಮನಸ್ಸಾಗುವುದಿಲ್ಲ.

ನವೆಂಬರಿನ ಒಂದು ಭಾನುವಾರ. ಆರು ಬೈಕ್, ಒಂಬತ್ತು ಜನ. ಪೆಟ್ರೋಲ್, ಗಾಳಿ, ಚೈನ್ ಎಲ್ಲ ಹಿಂದಿನ ಸಂಜೆಯೇ ನೋಡಿಕೊಂಡಿದ್ದೆವು. ಹಿಂದೆ ಕೂರುವವರಿಗೂ ಹೆಲ್ಮೆಟ್ ಕಡ್ಡಾಯ, ಚಪ್ಪಲಿ ಹಾಕಿಕೊಂಡು ಬರುವ ಹಾಗಿಲ್ಲ ಅಂತ ಮೊದಲೇ ಹೇಳಿದ್ದೆ. ಬೆಳಿಗ್ಗೆ ಆರೂವರೆಗೆ ಮಣಿಪಾಲದಲ್ಲಿ ಬನ್ಸ್ ತಿಂದು ಹೊರಟೆವು.

ಕೊನೆಯ ಬೈಕ್ ನನ್ನದು. ಗುಂಪಿನಲ್ಲಿ ಹೋಗುವಾಗ ಎಲ್ಲರಿಗೂ ಮುಂದೆ ಹೋಗುವ ಆಸೆ. ನನ್ನನ್ನು ಕೇಳಿದರೆ ಜಾಸ್ತಿ ಅನುಭವ ಇರುವವರು ಹಿಂದೆ ಇರಬೇಕು. ಮುಂದಿರುವವನಿಗೆ ಕಾಣುವುದು ರಸ್ತೆ ಮಾತ್ರ. ಹಿಂದಿರುವವನಿಗೆ ಎಲ್ಲರೂ ಕಾಣುತ್ತಾರೆ. ನಮ್ಮಲ್ಲಿ ನಿಧಾನದ ಬೈಕ್ ಇಬ್ಬರು ಕೂತಿದ್ದ ಸ್ಪ್ಲೆಂಡರ್. ಅದನ್ನು ಎರಡನೆಯ ಜಾಗಕ್ಕೆ ಹಾಕಿದೆವು. ಅದರ ವೇಗವೇ ಎಲ್ಲರ ವೇಗ. ನಮ್ಮ ನಮ್ಮಲ್ಲೇ ಓವರ್‌ಟೇಕ್ ಇಲ್ಲ. ಇನ್ನೊಂದು ಮಾತು: ದಾರಿ ಕವಲೊಡೆಯುವ ಯಾವುದೇ ಕಡೆ, ಹಿಂದಿನ ಬೈಕ್ ನಿಮ್ಮ ಕನ್ನಡಿಯಲ್ಲಿ ಕಾಣುವವರೆಗೆ ಅಲ್ಲೇ ನಿಲ್ಲಬೇಕು. ಹೋದ ವರ್ಷ ಇದನ್ನು ಪಾಲಿಸದೆ ಇಬ್ಬರು ಬೇರೆ ದಾರಿ ಹಿಡಿದಿದ್ದರು. ಫೋನಿಗೆ ಸಿಗ್ನಲ್ ಇಲ್ಲ, ಹುಡುಕುವುದರಲ್ಲೇ ಒಂದು ಗಂಟೆ ಹೋಯಿತು.

ಪರ್ಕಳ, ಹಿರಿಯಡ್ಕ, ಪೆರ್ಡೂರು ದಾಟಿದ್ದು ಗೊತ್ತೇ ಆಗಲಿಲ್ಲ. ಹೆಬ್ರಿಗೆ ಹೋಗುವ ಈ ರಸ್ತೆ ರಾಷ್ಟ್ರೀಯ ಹೆದ್ದಾರಿ 169ಎ. ಬಸ್ಸುಗಳು ಜೋರಾಗಿ ಬರುತ್ತವೆ, ಎಡಬದಿ ಬಿಡಬಾರದು. ಹೆದ್ದಾರಿ ಬಿಟ್ಟು ಒಳದಾರಿ ಹಿಡಿದ ಮೇಲೆ ಬೇರೆಯೇ ಎಚ್ಚರ ಬೇಕು. ಕೊಯ್ಲಾದ ಗದ್ದೆಯ ಬೈಹುಲ್ಲು ಅಲ್ಲಲ್ಲಿ ಡಾಂಬರಿನ ಮೇಲೆ ಬಿದ್ದಿತ್ತು. ಇಬ್ಬನಿಗೆ ನೆನೆದ ಹುಲ್ಲಿನ ಮೇಲೆ ಬ್ರೇಕ್ ಹಾಕಿದರೆ ಚಕ್ರ ಜಾರುವುದು ಖಂಡಿತ.

ಅಲ್ಲೇ ನನ್ನ ಮುಂದಿದ್ದ ಪಲ್ಸರ್‌ನ ಹಿಂಚಕ್ರ ಸ್ವಲ್ಪ ಆಚೀಚೆ ಆಡುವುದು ಕಂಡಿತು. ಓಡಿಸುತ್ತಿದ್ದವನಿಗೆ ಇನ್ನೂ ಗೊತ್ತಾಗಿರಲಿಲ್ಲ. ಎರಡು ಸಲ ಹಾರ್ನ್ ಹೊಡೆದೆ. ನಿಲ್ಲಿಸಿ ನೋಡಿದರೆ ಪಂಕ್ಚರ್.

ಪಕ್ಕದ ಮನೆಯ ಅಂಗಳದಲ್ಲಿ ಅಡಿಕೆ ಹರಡುತ್ತಿದ್ದ ಅಜ್ಜ ಬಂದರು. "ಗಾಳಿ ಹೋಯ್ತಾ ಮಗಾ? ನೀರು ಬೇಕಾ?" ಅಂತ ಕೇಳಿ ಒಂದು ಚೊಂಬು ನೀರು ತಂದುಕೊಟ್ಟರು. ಚಕ್ರ ನಿಧಾನವಾಗಿ ತಿರುಗಿಸುತ್ತಾ ನೀರು ಬಿಟ್ಟೆ. ಒಂದು ಕಡೆ ಸಣ್ಣ ಗುಳ್ಳೆಗಳು ಎದ್ದವು. ಅಲ್ಲಿ ಮೊಳೆಯ ತಲೆ ಮಿನುಗುತ್ತಿತ್ತು. ಇಕ್ಕಳದಲ್ಲಿ ಹಿಡಿದು, ಅದು ಹೊಕ್ಕ ಓರೆಯಲ್ಲೇ ಎಳೆದು ತೆಗೆದೆ. ಆಮೇಲೆ ತಿರುಚಿದ ಕಡ್ಡಿಯಂಥ ಅರವನ್ನು ತೂತಿಗೆ ಹಾಕಿ ನಾಲ್ಕೈದು ಸಲ ಒಳಗೆ ಹೊರಗೆ ಉಜ್ಜಬೇಕು. ಇದಕ್ಕೆ ಬೇಸರ ಮಾಡಿದರೆ ತೂತು ಮುಚ್ಚುವ ರಬ್ಬರ್ ಬತ್ತಿ ಸರಿಯಾಗಿ ಕೂರುವುದಿಲ್ಲ. ಸೂಜಿಯ ಕಣ್ಣಿಗೆ ಆ ಬತ್ತಿ ಪೋಣಿಸಿ, ಗಮ್ ಸವರಿ, ಮೈಭಾರ ಹಾಕಿ ಒತ್ತಿದೆ. ಎರಡೂ ತುದಿ ಅರ್ಧ ಇಂಚು ಹೊರಗಿರುವಾಗ ನಿಲ್ಲಿಸಿ, ಸೂಜಿಯನ್ನು ಒಂದೇ ಸಲಕ್ಕೆ ಎಳೆದೆ. ಕಾಲಿನ ಪಂಪಿನಲ್ಲಿ ಗಾಳಿ ತುಂಬಿ ಮತ್ತೆ ನೀರು ಬಿಟ್ಟಾಗ ಒಂದು ಗುಳ್ಳೆಯೂ ಇಲ್ಲ. ಒಟ್ಟು ಇಪ್ಪತ್ತು ನಿಮಿಷ. ಟ್ಯೂಬ್‌ಲೆಸ್ ಆದ್ದರಿಂದ ಇಷ್ಟು ಸಲೀಸು. ನಮ್ಮ ಬುಲೆಟ್‌ನದ್ದು ಟ್ಯೂಬ್ ಇರುವ ಚಕ್ರ. ಅದಕ್ಕಾಗಿದ್ದರೆ ಚಕ್ರ ಕಳಚಿ ಅಂಗಡಿಗೇ ಒಯ್ಯಬೇಕಿತ್ತು.

ಹೊರಡುವಾಗ ಅಜ್ಜ ಹೇಳಿದರು, "ನೀರಿಗೆ ಇಳೀಲಿಕ್ಕೆ ಹೋಗ್ಬೇಡಿ. ಮೇಲೆ ಮಳೆ ಬಂದ್ರೆ ಇಲ್ಲಿ ಗೊತ್ತಾಗುದಿಲ್ಲ."

ಆ ಮಾತು ನೂರಕ್ಕೆ ನೂರು ನಿಜ. ಸೀತಾ ನದಿ ಇಳಿದು ಬರುವುದು ಆಗುಂಬೆ ಕಡೆಯ ಘಟ್ಟದಿಂದ. ಅಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಜೋಮ್ಲುವಿನಲ್ಲಿ ಬಿಸಿಲಿದ್ದರೂ ಮೇಲೆ ಸುರಿದ ನೀರು ಇಲ್ಲಿಗೆ ಬರಲೇಬೇಕಲ್ವಾ? ನೀರಿನ ಬಣ್ಣ ಕೆಂಪಾದರೆ, ತರಗೆಲೆ, ಕಡ್ಡಿ ತೇಲಿ ಬರತೊಡಗಿದರೆ ಒಂದು ಕ್ಷಣವೂ ನಿಲ್ಲದೆ ದಡಕ್ಕೆ ಬರಬೇಕು. ಇಲ್ಲಿ ಜೀವ ಕಳೆದುಕೊಂಡವರಿದ್ದಾರೆ.

ಇನ್ನೊಂದು ಅಪಾಯ ಬಂಡೆಯಲ್ಲೇ ಇದೆ. ದಡದ ಹತ್ತಿರ ನೀರು ಇಳಿದಿದ್ದ ಒಂದು ಗುಂಡಿಗೆ ಕೈ ಹಾಕಿದೆ. ಬಾಯಿ ಕೊಡಪಾನದಷ್ಟೇ ಅಗಲ, ಆದರೆ ಭುಜದವರೆಗೆ ಕೈ ಇಳಿಯಿತು. ತಳದಲ್ಲಿ ಗೋಲಿಯಂಥ ನುಣುಪು ಕಲ್ಲುಗಳು. ಮಳೆಗಾಲದ ಸುಳಿಯಲ್ಲಿ ಈ ಕಲ್ಲುಗಳೇ ಗಿರಗಿರ ಸುತ್ತಿ ಬಂಡೆಯನ್ನು ಕೊರೆಯುತ್ತವೆ. ಇಂಥ ಗುಂಡಿಗಳ ಮೇಲೆ ನೀರು ತುಂಬಿದಾಗ ಮೇಲಿಂದ ಮೊಣಕಾಲುದ್ದ ಅನ್ನಿಸುತ್ತದೆ. ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕ ಹುಡುಗ ಕೆಳಗಿನ ಮಡುವಿಗೆ ಇಳಿಯುತ್ತೇನೆ ಅಂತ ಹಟ ಹಿಡಿದಿದ್ದ. ಸುಮ್ನೆ ಅವನ ಕೈಯನ್ನೂ ಆ ಗುಂಡಿಗೆ ಹಾಕಿಸಿದೆ. ಮತ್ತೆ ಅವನು ಕೇಳಲಿಲ್ಲ.

ಕಟ್ಟಿಕೊಂಡು ಹೋಗಿದ್ದ ಚಿತ್ರಾನ್ನ ತಿಂದು, ನಮ್ಮದಲ್ಲದ ಪ್ಲಾಸ್ಟಿಕ್ ಕೂಡ ಒಂದು ಚೀಲದಲ್ಲಿ ತುಂಬಿಕೊಂಡೆವು. ಎರಡು ಗಂಟೆಗೆ ಘಟ್ಟದ ಕಡೆ ಮೋಡ ಕಪ್ಪಾಯಿತು. ಇನ್ನೂ ಒಂದು ಗಂಟೆ ಕೂರುವ ಆಸೆ ಎಲ್ಲರಿಗೂ ಇತ್ತು. ಆದರೂ ಎದ್ದೆವು.

ಬರುವಾಗ ಅಜ್ಜನ ಅಂಗಳದ ಎದುರು ನಿಲ್ಲಿಸಿ ಪಲ್ಸರ್‌ನ ಚಕ್ರ ಮುಟ್ಟಿ ನೋಡಿದೆವು. ಗಾಳಿ ಗಟ್ಟಿಯಾಗೇ ಇತ್ತು. ಅಷ್ಟರಲ್ಲಿ ನಾಲ್ಕು ಹನಿ ಬಿತ್ತು, ಅಜ್ಜ ಅಡಿಕೆ ರಾಶಿ ಮಾಡಲು ಓಡಿದರು. ನಾವು ಒಂಬತ್ತೂ ಜನ ಹೆಲ್ಮೆಟ್ ಬೈಕಿಗೆ ಸಿಕ್ಕಿಸಿ ಅವರ ಜೊತೆ ಅಡಿಕೆ ಬಾಚತೊಡಗಿದೆವು.