ಹಾಲಿಗೆ ಮೇಕೆ ತಗೋತೀರಾ? ಮೊದ್ಲು ಅದರ ಹಿಂದೆ ಹೋಗಿ ನಿಂತ್ಕೊಳ್ಳಿ

ನಮ್ಮ ಕಡೆ ಮೇಕೆ ಅಂದ್ರೆ ಮಾಂಸದ ಲೆಕ್ಕಾನೇ ಜಾಸ್ತಿ. ಅಕ್ಕಿರಾಂಪುರ ಸಂತೆಗೆ ಹೋಗಿ, ಅಮೀನಗಡಕ್ಕೆ ಹೋಗಿ, ತಗೋಳೋರ ಕೈ ಸೀದಾ ಬೆನ್ನಿನ ಮೇಲೆ ಹೋಗುತ್ತೆ, ಎಷ್ಟು ಕೆಜಿ ಬೀಳಬಹುದು ಅಂತ. ಹಾಲಿಗೆ ತಗೋಳೋರೂ ಅದೇ ಕಣ್ಣಲ್ಲಿ ನೋಡಿದ್ರೆ ಕೆಲಸ ಕೆಟ್ಟಂಗೆ. ಇನ್ನು ಜಮುನಾಪಾರಿ, ಬೀಟಲ್ ಥರದ ಉತ್ತರ ಭಾರತದ ಹಾಲಿನ ತಳಿ ಬೇಕು ಅಂತ ಹುಡುಕೋರು ಕಿವಿ ಎಷ್ಟುದ್ದ, ಮೂಗು ಎಷ್ಟು ಉಬ್ಬಿದೆ, ಬಣ್ಣ ಹೆಂಗಿದೆ ಅಂತ ವಾಟ್ಸಾಪ್ ಫೋಟೋ ನೋಡಿಯೇ ಅಡ್ವಾನ್ಸ್ ಹಾಕ್ಬಿಡ್ತಾರೆ. ಕಿವಿ ನೋಡಿದ್ರೆ ತಳಿ ಗೊತ್ತಾಗುತ್ತೆ, ಹಾಲು ಗೊತ್ತಾಗಲ್ಲ. ಅಮೆರಿಕದ ಹಾಲಿನ ಮೇಕೆ ಸಂಘದವರು ಈದ ಮೇಕೆಗೆ ನೂರಕ್ಕೆ ಮಾರ್ಕ್ಸ್ ಹಾಕ್ತಾರೆ, ಅದರಲ್ಲಿ ಕೆಚ್ಚಲಿಗೇ 35, ಕಾಲು ಮತ್ತೆ ಗೊರಸಿಗೆ 15, ತಲೆ ಮತ್ತೆ ತಳಿ ಲಕ್ಷಣ ಎಲ್ಲ ಸೇರಿ ಬರೀ 5. ನಾವು ದುಡ್ಡು ಕೊಡೋದು ಮಾತ್ರ ಉಲ್ಟಾ.

ಸರಿ, ಮೇಕೆ ಹಿಂದೆ ನಿಂತ್ಕೊಂಡು ನೋಡಿ. ಎರಡು ಹಿಂಗಾಲಿನ ಮಧ್ಯೆ ಕೆಚ್ಚಲಿಗೆ ಜಾಗ ಇದೆಯಾ? ಹಿಂಗಾಲಿನ ನಡುವೆ, ಹಿಂದಕ್ಕೆ ಚಾಚಿರೋ ಕೀಲುಗಳು ಒಳಕ್ಕೆ ತಿರುಗಿ ಒಂದಕ್ಕೊಂದು ತಾಗೋ ಹಾಗಿದ್ರೆ ನಡೆಯೋವಾಗೆಲ್ಲ ಕೆಚ್ಚಲು ಉಜ್ಜುತ್ತೆ, ಗಾಯ ಆಗುತ್ತೆ. ಆಮೇಲೆ ಕೆಚ್ಚಲು ಎಲ್ಲಿಂದ ಶುರುವಾಗುತ್ತೆ ಅಂತ ನೋಡಿ. ಹಿಂದೆ ಎತ್ತರದಲ್ಲಿ ಅಗಲವಾಗಿ ಅಂಟಿಕೊಂಡಿರಬೇಕು, ಮುಂದೆ ಹೊಟ್ಟೆ ಜೊತೆ ನಯವಾಗಿ ಸೇರಿರಬೇಕು, ಮಧ್ಯೆ ಕೈ ತೂರೋ ಅಷ್ಟು ಸಂದಿ ಇರಬಾರದು. ಕೆಚ್ಚಲಿನ ತಳ ಹಿಂಗಾಲಿನ ಅದೇ ಕೀಲಿಗಿಂತ ಮೇಲೇ ಇರಬೇಕು. ಎರಡು ಭಾಗದ ಮಧ್ಯೆ ಒಂದು ಸಣ್ಣ ಗೆರೆ ಕಂಡ್ರೆ ಒಳ್ಳೇದು, ಒಳಗಿನ ನಡು ಕಟ್ಟು ಗಟ್ಟಿಯಾಗಿ ಎತ್ತಿ ಹಿಡಿದಿದೆ ಅಂತ ಅರ್ಥ. ಆ ಕಟ್ಟು ಸಡಿಲ ಆಗಿದ್ರೆ ತಳ ಚಪ್ಪಟೆಯಾಗಿ ತೊಟ್ಟುಗಳು ಆಕಡೆ ಈಕಡೆ ಮುಖ ಮಾಡಿರ್ತವೆ, ಸೂಲು (ಮರಿ ಹಾಕಿದ ಸಲ) ಹೆಚ್ಚಾದಂಗೆ ಅದು ಇನ್ನೂ ಜೋತು ಬೀಳುತ್ತೆ ಹೊರತು ಮೇಲೆ ಹೋಗಲ್ಲ.

ಈಗ ಮುಖ್ಯ ವಿಷಯ. ತುಂಬಿದ ಕೆಚ್ಚಲು ನೋಡಿ ರೇಟ್ ಮಾತಾಡ್ಬೇಡಿ. ಹಿಂದಿನ ದಿನದಿಂದ ಕರೀದೆ, ಮರಿ ಬಿಡದೆ ಕಟ್ಟಿ ಹಾಕಿ ಸಂತೆಗೆ ತಂದ್ರೆ ಯಾವ ಮೇಕೆ ಕೆಚ್ಚಲಾದ್ರೂ ದೊಡ್ಡದಾಗೇ ಕಾಣುತ್ತೆ, ದಲ್ಲಾಳಿಗಳಿಗೆ ಇದೆಲ್ಲ ಹೇಳ್ಕೊಡ್ಬೇಕಾ. ಹಂಗಾಗಿ ನಿಮ್ಮ ಮುಂದೆಯೇ ಪೂರ್ತಿ ಕರೀಲಿ. ಕರೆದ ಮೇಲೆ ಒಳ್ಳೆ ಕೆಚ್ಚಲು ಖಾಲಿ ಬಟ್ಟೆ ಚೀಲದ ಥರ ಮೆತ್ತಗೆ ಸುಕ್ಕಾಗುತ್ತೆ, ಕರೆದ ಮೇಲೂ ಅಷ್ಟೇ ದಪ್ಪ ಇದೆ ಅಂದ್ರೆ ಅದು ಬರೀ ಮಾಂಸ, ಹಾಲು ಹಿಡಿಯೋ ಜಾಗ ಅಲ್ಲ. ಎರಡೂ ಕಡೆ ಬೆರಳಾಡಿಸಿ, ಒಳಗೆ ಗಂಟು ಸಿಗುತ್ತಾ, ಒಂದು ಕಡೆ ಬಿಸಿ ಇದೆಯಾ, ಮುಟ್ಟಿದ್ರೆ ಒದೆಯುತ್ತಾ ನೋಡಿ. ಕರೆಯೋಕೆ ಶುರು ಮಾಡಿದಾಗ ಮೊದಲ ಎರಡು ಮೂರು ಎಳೆ ಹಾಲನ್ನ ಕಪ್ಪು ಬಟ್ಟೆ ಮೇಲೆ ಹಿಂಡಿಸಿ, ಚೂರು ಚೂರು ಹೆಪ್ಪು, ನೀರು ನೀರು, ರಕ್ತದ ಬಣ್ಣ ಏನಾದ್ರೂ ಕಂಡ್ರೆ ಕೆಚ್ಚಲು ಬಾವು ಇರಬಹುದು, ಬಿಟ್ಟು ಬನ್ನಿ. ತೊಟ್ಟು ಎರಡೇ ಇರಬೇಕು, ಮುಷ್ಟಿಗೆ ಸಿಗೋ ಗಾತ್ರ ಇರಬೇಕು, ಒಂದೊಂದಕ್ಕೆ ಒಂದೇ ತೂತು. ಮೂರನೇ ತೊಟ್ಟು, ಅಂಟಿಕೊಂಡ ತೊಟ್ಟು ಇದ್ರೆ ಅದು ಮರಿಗಳಿಗೂ ಹೋಗಬಹುದು, ಸಾಕೋಕೆ ಬೇಡ. ಬಾಟ್ಲಿ ದಪ್ಪ ತೊಟ್ಟೂ ತಲೆನೋವೇ, ಹುಟ್ಟಿದ ಮರಿ ಬಾಯಿಗೆ ಹಿಡಿಯಲ್ಲ, ಗಿಣ್ಣು ಹಾಲು ಕುಡಿಯೋಕಾಗದೆ ಒದ್ದಾಡುತ್ತೆ.

ಆಗೋದಾದ್ರೆ ಅವರ ಕೊಟ್ಟಿಗೆಗೇ ಹೋಗಿ ಸಂಜೆ ಒಂದು ಸಲ, ಬೆಳಿಗ್ಗೆ ಒಂದು ಸಲ ಕರೆಸಿ ತೂಕ ಹಾಕಿ. ಮೊದಲ ಸಂಜೆಯದ್ದು ಲೆಕ್ಕಕ್ಕೆ ತಗೋಬೇಡಿ, ಎಷ್ಟು ಹೊತ್ತಿಂದ ತುಂಬಿದ್ದೋ ಯಾರಿಗೆ ಗೊತ್ತು. ಅದನ್ನ ಪೂರ್ತಿ ಖಾಲಿ ಮಾಡಿಸಿದ ಮೇಲೆ ಬರೋದೇ ನಿಜವಾದ ಹಾಲು.

ಇನ್ನು ಮೈಕಟ್ಟು. ಹಾಲಿನ ಮೇಕೆ ಪಕ್ಕದಿಂದ ನೋಡಿದ್ರೆ ಮುಂದೆ ಸಣ್ಣ, ಹಿಂದಕ್ಕೆ ಹೋದಂಗೆ ಹೊಟ್ಟೆ ಆಳ. ಪಕ್ಕೆಲುಬು ಚಪ್ಪಟೆಯಾಗಿ ದೂರ ದೂರ ಇರಬೇಕು, ಬೆರಳಿಟ್ರೆ ಮಧ್ಯೆ ಜಾಗ ಸಿಗಬೇಕು. ಚರ್ಮ ತೆಳ್ಳಗೆ ಎಳೆದ್ರೆ ಬರಬೇಕು. ತೊಡೆ ಒಳಗಡೆ ಮಾಂಸ ಕಡಿಮೆ. ಚೆನ್ನಾಗಿ ಹಾಲು ಕೊಡ್ತಿರೋ ಮೇಕೆ ಸ್ವಲ್ಪ ಬಡಕಲಾಗೇ ಕಾಣುತ್ತೆ, ಎರಡು ಲೀಟರ್ ಕೊಡುತ್ತೆ ಅಂತ ಹೇಳಿ ಗುಂಡಗೆ ಕೊಬ್ಬಿದ ಮೇಕೆ ತೋರಿಸಿದ್ರೆ ನನಗಂತೂ ಅನುಮಾನ ಬರುತ್ತೆ. ಆದ್ರೆ ಹಾಲಿಗೆ ಬಡಕಲಾಗಿದ್ದು ಬೇರೆ, ಹುಳಕ್ಕೆ ಬಡಕಲಾಗಿದ್ದು ಬೇರೆ. ಕೆಳರೆಪ್ಪೆ ಎಳೆದು ನೋಡಿ, ಕೆಂಪಗಿದ್ರೆ ಸರಿ, ಬಿಳಿಚಿಕೊಂಡಿದ್ರೆ ಹೊಟ್ಟೇಲಿ ರಕ್ತ ಹೀರೋ ಹುಳ ಇರೋ ಸಾಧ್ಯತೆ ಜಾಸ್ತಿ. ಕೂದಲು ಒರಟಾಗಿ ಎದ್ದು ನಿಂತಿದ್ರೆ, ಬಾಲದ ಸುತ್ತ ಹಿಕ್ಕೆ ಮೆತ್ತಿದ್ರೂ ಅಷ್ಟೇ.

ಬೆನ್ನು ನೆಟ್ಟಗಿರಲಿ, ಸೊಂಟದಿಂದ ಬಾಲದ ಬುಡಕ್ಕೆ ಸ್ವಲ್ಪವೇ ಇಳಿಜಾರು ಸಾಕು, ಹಿಂಭಾಗ ಅಗಲ ಇದ್ದಷ್ಟೂ ಮರಿ ಹಾಕೋದು ಸಲೀಸು. ಹತ್ತು ಹೆಜ್ಜೆ ನಡೆಸಿ, ಕುಂಟುತ್ತಾ ಅಂತ. ಗೊರಸಿನ ಮೇಲಿನ ಗಿಣ್ಣು ಕುಸಿದು ನೆಲಕ್ಕೆ ತಾಗೋ ಹಾಗಿದ್ರೆ ಅಂಥದ್ದು ಜಾಸ್ತಿ ವರ್ಷ ಬಾಳಲ್ಲ. ಬೆಳೆದ ಗೊರಸನ್ನ ಕತ್ತರಿಸಿದ್ರೆ ಆಯ್ತು, ವಕ್ರ ಕಾಲಿಗೆ ಮದ್ದಿಲ್ಲ.

ಬಾಯಿ ಬಿಡಿಸದೆ ತಗೋಬೇಡಿ. ಮುಂದಿನ ಹಲ್ಲು ಕೆಳಗಡೆ ಮಾತ್ರ, ಎಂಟು. ಹಾಲುಹಲ್ಲು ಬಿದ್ದು ಎರಡು ದೊಡ್ಡ ಹಲ್ಲು ಬಂದಿದ್ರೆ ಸುಮಾರು ಒಂದೂಕಾಲರಿಂದ ಒಂದೂವರೆ ವರ್ಷ, ನಾಲ್ಕು ಹಲ್ಲು ಎರಡರ ಆಸುಪಾಸು, ಬಾಯಿ ಕೂಡಿದ್ದಕ್ಕೆ, ಅಂದ್ರೆ ಎಂಟೂ ದೊಡ್ಡ ಹಲ್ಲು ಬಂದಿದ್ದಕ್ಕೆ, ಮೂರೂವರೆ ನಾಲ್ಕು. ಮೂರನೇ ಸೂಲು ಅಂತ ಹೇಳಿ ಬಾಯಲ್ಲಿ ಎರಡೇ ದೊಡ್ಡ ಹಲ್ಲು ಇದ್ರೆ ಲೆಕ್ಕ ಎಲ್ಲೋ ತಪ್ಪಿದೆ. ನನ್ನ ಕೇಳಿದ್ರೆ ಎರಡನೇ ಸೂಲಿಂದೇ ಬೆಸ್ಟ್, ಕೆಚ್ಚಲು ಹೆಂಗೆ ನಿಲ್ಲುತ್ತೆ ಅಂತ ಗೊತ್ತಾಗಿರುತ್ತೆ, ಮುಂದೆ ವರ್ಷಾನೂ ಇರುತ್ತೆ.

ಮರಿ ತಗೊಂಡು ಬೆಳೆಸೋದಾದ್ರೆ ಅದರ ತಾಯಿ ಕೆಚ್ಚಲು ನೋಡಿ, ಅಪ್ಪನ ತಾಯಿದೂ ನೋಡೋಕೆ ಸಿಕ್ಕಿದ್ರೆ ಇನ್ನೂ ಒಳ್ಳೇದು, ಹೋತದ ಕಡೆಯಿಂದಾನೂ ಅರ್ಧ ಪಾಲು ಬರುತ್ತಲ್ಲ. ಹೋತಕ್ಕೂ ತೊಟ್ಟು ಎಣಿಸಿ, ಎರಡೇ ಇರಬೇಕು. ಬೋಳು (ಹುಟ್ಟಿಂದಲೇ ಕೊಂಬಿಲ್ಲದ) ಹೋತಕ್ಕೆ ಬೋಳು ಮೇಕೆ ಕೊಡಿಸ್ಬೇಡಿ, ಕೊಂಬಿಲ್ಲದ ಗುಣ ಎರಡೂ ಕಡೆಯಿಂದ ಬಂದ ಹೆಣ್ಣು ಮರಿಗಳು ಅತ್ತ ಗಂಡೂ ಅಲ್ಲ ಇತ್ತ ಹೆಣ್ಣೂ ಅಲ್ಲ ಅನ್ನೋ ಹಾಗೆ ಬಂಜೆ ಆಗ್ತವೆ. ಹುಟ್ಟಿಂದಲೇ ಬೋಳಾಗಿರೋ ಹೆಣ್ಣು ಮರಿ ತಗೋಳೋ ಮುಂಚೆ ಬಾಲ ಎತ್ತಿ ನೋಡಿ, ಅಲ್ಲಿ ದ್ವಾರದ ತುದೀಲಿ ಸಣ್ಣ ಗಂಟು ಇದ್ರೆ ಬೇಡ.

ನಂದಿದುರ್ಗ, ಉಸ್ಮಾನಾಬಾದಿ ಥರದ ತಳಿ ಮಾಂಸಕ್ಕೆ ಅಂತ ಸಾಕೋರು ಇದೆಲ್ಲ ನಮಗ್ಯಾಕೆ ಅನ್ಬೇಡಿ, ಅವಳಿ ಮರಿ ಹಾಕಿದಾಗ ಎರಡಕ್ಕೂ ಸಾಕಾಗೋ ಹಾಲು ಇದ್ರೇನೇ ಮರಿ ತೂಕ ಬರೋದು.

ದುಡ್ಡು ಕೊಡೋ ಮುಂಚೆ ಪಶು ಆಸ್ಪತ್ರೇಲಿ ಬ್ರುಸೆಲ್ಲಾ (ಗರ್ಭ ಕಂದು ಹಾಕಿಸೋ ರೋಗ) ರಕ್ತ ಪರೀಕ್ಷೆ ಮಾಡಿಸಿ, ಅದು ಹಸಿ ಹಾಲಿಂದ ಮನುಷ್ಯರಿಗೂ ಬರುತ್ತೆ. ಪಿಪಿಆರ್ (ಕುರಿ ಮೇಕೆಗೆ ಬರೋ ಪ್ಲೇಗ್ ಥರದ ಅಂಟುರೋಗ) ಲಸಿಕೆ ಆಗಿದೆಯಾ ಕೇಳಿ. ಮನೆಗೆ ತಂದ ಮೇಲೆ ಮೂರು ನಾಲ್ಕು ವಾರ ಹಳೇ ಮಂದೆ ಜೊತೆ ಬಿಡ್ಬೇಡಿ. ಗಾಡಿ ಪ್ರಯಾಣ ಮಾಡಿದ ಮೇಲೆ ಹಾಲು ಇಳಿಯೋದು ಮಾಮೂಲಿ, ಅದಕ್ಕೇ ಬರೋವಾಗ ಅಲ್ಲಿ ತಿಂತಿದ್ದ ಮೇವು, ಹಿಂಡಿ ಒಂದು ಚೀಲ ಕೇಳಿ ತಗೊಂಡು ಬನ್ನಿ, ನಿಮ್ಮ ಮೇವಿಗೆ ಒಂದು ವಾರ ಹತ್ತು ದಿನದಲ್ಲಿ ನಿಧಾನಕ್ಕೆ ಬದಲಾಯಿಸಿ.